ನೈಋತ್ಯ ಮೂಲೆಯ ಲೆವೀ ಪಾರ್ಕ್

ಅಡುಗೆಮನೆ ಕಟ್ಟೆಗೆ ಕಲ್ಲು ಕೊಳ್ಳಲು ಬರುವ ಗಂಡ-ಹೆಂಡತಿಯರನ್ನು ಬಾಗಿಲಲ್ಲಿ ಕಂಡ ಕೂಡಲೇ, ಬಣ್ಣ ಆರಿಸುವವರು ಯಾರು, ದುಡ್ಡು ಕೊಡುವವರು ಯಾರು, ಜಗಳವಾಡಿಕೊಂಡು ಬರಿಗೈಲಿ ಹೋಗುವವರು ಯಾರು ಎಂದು ಇರಣ್ಣ ಹೇಳಬಲ್ಲ. ಬಾಗಲಕೋಟೆ ಕಡೆಯ ಈ ಕಲ್ಲಿನ ವ್ಯಾಪಾರಿ ಮೊದಲು ಹ್ಯೂಸ್ಟನ್ ಬಂದರಿನಲ್ಲಿ ಭಾವನ ಕಂಟೇನರುಗಳನ್ನು ಇಳಿಸಿಕೊಳ್ಳುತ್ತಿದ್ದ. ಆಮೇಲೆ ಆಸ್ಟಿನ್‌ನಲ್ಲಿ ಹೊಸ ಮನೆಗಳು ಏಳುವಾಗ ಅಲ್ಲಿಗೆ ಹೋದ. ಇಪ್ಪತ್ತೆರಡು ವರ್ಷದಿಂದ ಡಲ್ಲಸ್‌ನಲ್ಲಿದ್ದಾನೆ. ಟ್ರಿನಿಟಿ ನದಿಗೆ ಕಟ್ಟಿದ ಮಣ್ಣಿನ ಒಡ್ಡಿನ ಪಕ್ಕ, ಟೈರ್ ಅಂಗಡಿಯ ಬೆನ್ನಿಗೆ ಅವನ ಗ್ರಾನೈಟ್ ಗೋದಾಮು. ಇಷ್ಟು ವರ್ಷಗಳಲ್ಲಿ ಗಿರಾಕಿಯ ಮುಖ ಓದುವುದರಲ್ಲಿ ಅವನು ಪೂರ್ತಿ ಸೋತದ್ದು ಒಮ್ಮೆ ಮಾತ್ರ.

ಫೆಬ್ರವರಿಯ ಒಂದು ಮಂಗಳವಾರ ಎಂಬತ್ತು ದಾಟಿದ ಕಪ್ಪು ಅಮೆರಿಕನ್ ಮಹಿಳೆಯೊಬ್ಬರು, ಚರ್ಚಿಗೆ ಹೊರಟವರಂತೆ ಟೊಪ್ಪಿಗೆ ಹಾಕಿಕೊಂಡು, ಕೋಲು ಊರುತ್ತ ಒಳಗೆ ಬಂದರು. ಸಾಲಾಗಿ ನಿಲ್ಲಿಸಿದ್ದ ಹಲಗೆಕಲ್ಲುಗಳ ನಡುವೆ ಆಚೆಯಿಂದ ಈಚೆಗೆ ನಡೆದರು. ಒಂದು ಕಲ್ಲನ್ನೂ ಮುಟ್ಟಲಿಲ್ಲ. ನೆಲ ನೋಡಿದರು, ಸೂರು ನೋಡಿದರು, ಥ್ಯಾಂಕ್ಯೂ ಹೇಳಿ ಹೋದರು. ಮುಂದಿನ ವಾರವೂ ಬಂದರು. ಅದರ ಮುಂದಿನ ವಾರವೂ.

ಕಲ್ಲಿನತ್ತ ತಿರುಗಿಯೂ ನೋಡದ ಗಿರಾಕಿ ಚೌಕಾಸಿಯಲ್ಲಿ ಪಳಗಿದವರು ಎಂಬುದು ಇರಣ್ಣನ ನಂಬಿಕೆ. ಮೂರನೆಯ ಸಲ ಅವರನ್ನು ಆಫೀಸಿನಲ್ಲಿ ಕೂರಿಸಿ ಚಹಾ ಕೊಟ್ಟ.

“ಮೇಡಂ, ನಿಮಗೆ ಬೇಕಾದದ್ದು ಇಲ್ಲಿ ಕಾಣಿಸಲಿಲ್ಲ ಅಂತ ಕಾಣುತ್ತೆ. ಏನು ಬೇಕು ಹೇಳಿ. ಮೂರು ವಾರದಲ್ಲಿ ತರಿಸಿಕೊಡ್ತೀನಿ.”

“ಅದನ್ನು ತರಿಸಬೇಕಾಗಿಲ್ಲ. ಇಲ್ಲೇ ಇದೆ, ನಿನ್ನ ಕಲ್ಲುಗಳ ಕೆಳಗೆ,” ಎಂದರು ಅವರು. “ನಾನು ಹುಡುಕುತ್ತಿರುವುದು ಬೇಸ್‌ಬಾಲ್ ಮೈದಾನ.”

ಅವರ ಹೆಸರು ಅರ್ಲೀನ್ ಟೇಟ್. ಹೇಳಿದ್ದು ಇಷ್ಟು. ಗೋದಾಮು, ಟೈರ್ ಅಂಗಡಿ, ಹಿಂದಿನ ಪಾರ್ಕಿಂಗ್ ಜಾಗ ಎಲ್ಲ ಸೇರಿ ಒಂದು ಕಾಲದಲ್ಲಿ ಲೆವೀ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನವಾಗಿತ್ತು. ಮ್ಯೂಲ್ಸ್ ಎಂಬ ಬಿಳಿಯರ ತಂಡ ಅಲ್ಲಿ ಆಡುತ್ತಿತ್ತು. (ಮ್ಯೂಲ್ ಎಂದರೆ ಹೇಸರಗತ್ತೆ. ಅದರ ಹೆಸರನ್ನು ಯಾರಾದರೂ ತಮಗೆ ತಾವೇ ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ಇರಣ್ಣನಿಗೆ ಅನಿಸಿತು, ಕೇಳಲಿಲ್ಲ.) ಮ್ಯೂಲ್ಸ್ ಬೇರೆ ಊರಿಗೆ ಆಡಲು ಹೋದ ದಿನಗಳಲ್ಲಿ ಅದೇ ಮೈದಾನದಲ್ಲಿ ಕಪ್ಪು ಜನರ ತಂಡ ರಿವರ್‌ಸೈಡ್ ಸ್ಟಾರ್ಸ್ ಆಡುತ್ತಿತ್ತು. ಅರ್ಲೀನರ ತಂದೆ ಕ್ಲೈಡ್ ಟೇಟ್ ಅದರ ಬೌಲರು. ಆ ಆಟದಲ್ಲಿ ಪಿಚರ್ ಎನ್ನುತ್ತಾರೆ. ಅರವತ್ತರ ದಶಕದಲ್ಲಿ ಎಲ್ಲ ಕೆಡವಿ ಗೋದಾಮು ಕಟ್ಟಿದರು. ಈಗ ಊರಿನ ಇತಿಹಾಸ ಸಮಿತಿಯೊಂದು ರಸ್ತೆ ಬದಿಯಲ್ಲಿ ಕಂಚಿನ ಫಲಕ ಹಾಕಿಸಲಿದೆ. ಅದರ ಬರಹದಲ್ಲಿ ಮ್ಯೂಲ್ಸ್ ಮಾತ್ರ ಇದೆ.

“ಸ್ಟಾರ್ಸ್ ಬಗ್ಗೆ ಪುರಾವೆ ತನ್ನಿ ಅಂತಾರೆ. ಪತ್ರಿಕೆಗಳು ನಮ್ಮ ಆಟದ ಸುದ್ದಿ ಹಾಕುತ್ತಿರಲಿಲ್ಲ. ನಾನು ಹೇಳುವುದು ಪುರಾವೆ ಅಲ್ಲವಂತೆ, ನೆನಪಂತೆ.”

“ಮತ್ತೆ ಇಲ್ಲೇನು ಸಿಗುತ್ತೆ ಮೇಡಂ?”

“ಡಗೌಟ್. ಆಟಗಾರರು ಕೂರುವ ಜಾಗ, ನೆಲಕ್ಕಿಂತ ನಾಲ್ಕು ಮೆಟ್ಟಿಲು ಕೆಳಗೆ. ನಲವತ್ತೆಂಟರಲ್ಲಿ ಅದಕ್ಕೆ ಕಾಂಕ್ರೀಟ್ ಗೋಡೆ ಹಾಕಿದ್ದು ನನ್ನ ತಂದೆಯ ತಂಡವೇ, ಕೂಲಿಗೆ. ಗೋಡೆ ಹಸಿಯಿದ್ದಾಗ ಎಲ್ಲರೂ ಮೊಳೆಯಲ್ಲಿ ಹೆಸರು ಬರೆದರಂತೆ. ನಾನು ನೋಡಿಲ್ಲ. ಅಲ್ಲಿಂದ ಚೆಂಡು ಎಸೆಯುವ ಜಾಗಕ್ಕೆ ಇಪ್ಪತ್ತು ಹೆಜ್ಜೆ ಅಂತ ಅಪ್ಪ ಹೇಳುತ್ತಿದ್ದರು. ನಮ್ಮನ್ನು ಮೈದಾನದ ಆ ತುದಿಯ ಬೆಂಚುಗಳಲ್ಲಿ ಕೂರಿಸುತ್ತಿದ್ದರು. ನನಗೆ ಆಗ ಆರು ವರ್ಷ. ದಿಕ್ಕು ಯಾವುದು ಅಂತಲೂ ನೆನಪಿಲ್ಲ.”

ಇರಣ್ಣ “ನೋಡೋಣ” ಎಂದ.

ಅವನಿಗೊಂದು ತೊಡಕಿತ್ತು. ಜನವರಿಯಲ್ಲಷ್ಟೇ ಆ ಗೋದಾಮನ್ನು ಅಪಾರ್ಟ್‌ಮೆಂಟ್ ಕಟ್ಟುವ ಬಿಲ್ಡರ್ ಒಬ್ಬನಿಗೆ ಮಾರಲು ಒಪ್ಪಿದ್ದ. ಮೇ ಕೊನೆಗೆ ಬೀಗದ ಕೈ ಕೊಡಬೇಕು. ಜೂನ್ ಒಂದಕ್ಕೆ ಬುಲ್ಡೋಜರ್. ಕರಾರು ಬರೆದವಳು ಆಸ್ಟಿನ್‌ನಲ್ಲಿ ವಕೀಲಿ ಮಾಡುವ ಮಗಳು ನೇಹಾ. ಅದರಲ್ಲೊಂದು ಷರತ್ತಿತ್ತು: ಜಾಗಕ್ಕೆ ಇತಿಹಾಸದ ತಕರಾರು ಎದ್ದರೆ ಬಿಲ್ಡರ್ ಹಿಂದೆ ಸರಿಯಬಹುದು. ಮೊಣಕಾಲು ನೋವಿನ ಅರವತ್ತೊಂದರ ಮನುಷ್ಯ, ಕೊಳ್ಳುವವನು ಸಿಕ್ಕಿರುವಾಗ ತನ್ನ ನೆಲ ತಾನೇ ಅಗೆದು ತಕರಾರು ಹೊರಗೆ ತೆಗೆಯುವುದೆಂದರೆ!

ಆಫೀಸಿನ ಕಾಗದಪತ್ರ ನೋಡಿಕೊಳ್ಳುವ ಹೆಂಡತಿ ಮಲ್ಲವ್ವ ಎಲ್ಲ ಕೇಳಿಸಿಕೊಂಡಿದ್ದಳು.

“ನೋಡೋಣ ಅಂದ್ರಲ್ಲಾ, ಏನ್ ನೋಡ್ತೀರಿ?”

“ಏನಿಲ್ಲ. ಹಂಗ ಅಂದೆ.”

“ಮನಿ ಅಟ್ಟದ ಫ್ಯಾನ್ ರಿಪೇರಿಗೂ ನೋಡೋಣ ಅಂದೀರಿ. ಆರು ವರ್ಷ ಆತು, ನಾನೊಬ್ಬಾಕಿನ ಅದನ್ನ ನೋಡಾಕತ್ತೀನಿ.”

ನಾಲ್ಕನೆಯ ಸಲ ಬಂದಾಗ ಅರ್ಲೀನ್ ಒಂದು ಹಾಳೆ ತಂದಿದ್ದರು. ಪೆನ್ಸಿಲಿನಲ್ಲಿ ಬರೆದ ಹನ್ನೊಂದು ಹೆಸರು, ಕೆಳಗೆ ಮೂರು ಖಾಲಿ ಗೆರೆ. “ಇಪ್ಪತ್ತು ವರ್ಷದ ಹಿಂದೆ ನಾನು ಹುಡುಕಲು ಶುರು ಮಾಡಿದಾಗ ಇವರಲ್ಲಿ ಇಬ್ಬರು ಬದುಕಿದ್ದರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸರಿಹೋಗುತ್ತಿರಲಿಲ್ಲ. ಜಗಳವಾಡುತ್ತಿದ್ದರು. ಈಗ ನಾನೊಬ್ಬಳೇ. ನಾನು ಹೋದ ಮೇಲೆ ಇದನ್ನು ತಪ್ಪಾಗಿ ಹೇಳುವವರೂ ಇರುವುದಿಲ್ಲ, ಮಿಸ್ಟರ್ ಇರಣ್ಣ.”

ಅವತ್ತು ಸಂಜೆ ಇರಣ್ಣ ಪಕ್ಕದ ಕಾಪೆಲ್ ಊರಿನ ಮೋಹನರಾಜನಿಗೆ ಫೋನು ಮಾಡಿದ.

ಮೋಹನರಾಜ ಮೈಸೂರಿನವನು, ಸಾಫ್ಟ್‌ವೇರ್ ಕೆಲಸ. ಕನ್ನಡದವರ ಕ್ರಿಕೆಟ್ ತಂಡಕ್ಕೆ ಹದಿನಾಲ್ಕು ವರ್ಷದಿಂದ ಕ್ಯಾಪ್ಟನ್. ಬೇರೆ ಯಾರೂ ಮೈದಾನ ಬುಕ್ ಮಾಡುವ ತಲೆನೋವು ಹೊರಲು ಒಪ್ಪದ ಕಾರಣ. ಆಟದ ವಿಷಯ ಎಂದರೆ ಅವನನ್ನೇ ಕೇಳಬೇಕು ಎಂದು ಇರಣ್ಣ ಭಾವಿಸಿದ್ದು ಸಹಜ. ಆಫೀಸಿನವರು ಪುಕ್ಕಟೆ ಟಿಕೆಟ್ ಕೊಟ್ಟಾಗ ಅವನು ಒಮ್ಮೆ ಬೇಸ್‌ಬಾಲ್ ಆಟಕ್ಕೂ ಹೋಗಿದ್ದ. ಮೂರು ತಾಸು ನಾಚೋಸ್ ತಿನ್ನುತ್ತ ಫೋನಿನಲ್ಲಿ ಭಾರತದ ಮ್ಯಾಚು ನೋಡಿ ಬಂದಿದ್ದ.

ಲೈಬ್ರರಿಯಲ್ಲಿ ಊರಿನ ಹಳೆಯ ನಕ್ಷೆಯೊಂದು ಸಿಕ್ಕಿತು. ನದಿ ಪಕ್ಕ ಒಂದು ಚೌಕ, ಒಳಗೆ ‘ಬಾಲ್ ಪಾರ್ಕ್’ ಎಂಬ ಬರಹ, ಅಷ್ಟೆ. ಮೋಹನರಾಜ ಅದರ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದ.

“ಮುಗೀತಲ್ಲ ಸಾರ್. ಮೈದಾನ ಅಂದ್ಮೇಲೆ ಮಧ್ಯದಲ್ಲಿ ತಾನೆ ಪಿಚ್ಚು? ಡಗೌಟಿನಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆ ಅಂತ ಆ ಅಜ್ಜಿಗೆ ಅವರಪ್ಪ ಹೇಳಿದ್ರಂತಲ್ಲ. ಸೆಂಟರ್ ಹುಡುಕೋಣ, ಇಪ್ಪತ್ತು ಹೆಜ್ಜೆ ಹಾಕೋಣ.”

“ನಿಮಗ ಖಾತ್ರಿ ಐತೇನ್ರಿ?”

“ಬ್ಯಾಟು, ಬಾಲು, ಓಟ. ಎರಡೂ ಒಂದೇ ವಂಶ ಸಾರ್. ಇವರು ಸ್ವಲ್ಪ ಕೆಡಿಸಿಕೊಂಡಿದ್ದಾರೆ, ಅಷ್ಟೇ.”

ಎರಡು ಗೆರೆ ಕೂಡುವ ಜಾಗ ಗೋದಾಮಿನ ಒಳಗೇ, ಈಶಾನ್ಯದ ಕಡೆ ಬಿತ್ತು. ಸಮಿತಿಗೆ ಹೇಳಿದರೆ ಬಿಲ್ಡರ್‌ನ ಕಿವಿಗೆ ಬೀಳುತ್ತದೆ. ನೇಹಾಗೆ ಹೇಳಿದರೆ ಅವಳು ಅಲ್ಲಿಂದಲೇ ಬೇಡ ಎನ್ನುತ್ತಾಳೆ. ಹೀಗಾಗಿ ಯಾರಿಗೂ ಹೇಳದೆ, ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅಂಗಡಿ ಮುಚ್ಚಿದ್ದಾಗ, ಇರಣ್ಣ ಕಾಂಕ್ರೀಟ್ ಕೊಯ್ಯುವ ಗರಗಸ ಹಚ್ಚಿದ. ನಾಲ್ಕಡಿ ಚೌಕದ ನೆಲ ಎದ್ದಿತು. ಕೆಳಗೆ ಅವನ ಊರಿನ ಹೊಲದಂಥದೇ ಕಪ್ಪು ಎರೆಮಣ್ಣು. ಎದೆಯುದ್ದ ಅಗೆದರು. ಮಣ್ಣೇ. ಇಪ್ಪತ್ತು ಹೆಜ್ಜೆ ಆಚೆ ಇನ್ನೊಂದು ಗುಂಡಿ. ಅಲ್ಲಿಯೂ ಮಣ್ಣೇ. ಇಪ್ಪತ್ತು ಹೆಜ್ಜೆ ಈಚೆಗೆ ಮೂರನೆಯದು ಎಂದು ಮೋಹನರಾಜ ಅಳೆಯುತ್ತಿದ್ದಾಗ ಹೊರಗೆ ಕಾರು ನಿಂತ ಸದ್ದಾಯಿತು.

ನೇಹಾ. ಬೆಳಿಗ್ಗೆ ಫೋನಿನಲ್ಲಿ, ಅಪ್ಪ ಎಲ್ಲಿ ಎಂದು ಕೇಳಿದ್ದಕ್ಕೆ ಮಲ್ಲವ್ವ “ಗೋದಾಮಿನಾಗ ನೆಲ ಅಗ್ಯಾಕತ್ತಾರವ್ವ” ಎಂದು ಸತ್ಯ ಹೇಳಿದ್ದಳು. ಮೂರು ತಾಸಿನ ದಾರಿಯನ್ನು ಮಗಳು ಎರಡೂವರೆಯಲ್ಲಿ ಮುಗಿಸಿ ಬಂದಿದ್ದಳು.

“ಅಪ್ಪಾ! ವಾಟ್ ಈಸ್ ದಿಸ್? ಷರತ್ತು ಓದಿ ಹೇಳಿದ್ದೆ ಅಲ್ವಾ ನಿಂಗೆ?”

ಇರಣ್ಣ ಎರಡನೆಯ ಗುಂಡಿಯೊಳಗಿನಿಂದ ಅರ್ಲೀನರ ವಿಷಯ ಹೇಳಿದ. ಎದೆಮಟ್ಟದ ಗುಂಡಿಯಲ್ಲಿ ನಿಂತು ಮಗಳಿಗೆ ಸಮಜಾಯಿಷಿ ಕೊಡುವ ಅಪ್ಪನ ಮಾತಿಗೆ ತೂಕ ಕಡಿಮೆಯೇ. ಆದರೂ ಅವಳು ಕೇಳಿದಳು. ಹನ್ನೊಂದು ಹೆಸರಿನ ಹಾಳೆ ನೋಡಿದಳು. ಆಮೇಲೆ ನಕ್ಷೆ ತೆಗೆದುಕೊಂಡು ಮೋಹನರಾಜನ ಎರಡು ಗೆರೆ ನೋಡಿ, “ಇದೇನಿದು ಅಂಕಲ್?” ಎಂದಳು.

“ಸೆಂಟರ್. ಪಿಚ್ಚು.”

ನೇಹಾ ಅವನನ್ನು ನೋಡಿದಳು, ಗುಂಡಿ ನೋಡಿದಳು, ಅಪ್ಪನನ್ನು ನೋಡಿದಳು. ಬರುವಾಗ ಇದ್ದ ಸಿಟ್ಟನ್ನು ಹಿಡಿದುಕೊಳ್ಳಲು ನೋಡಿದಳು, ಆಗಲಿಲ್ಲ. ಕಲ್ಲಿಗೆ ಆತು ನಿಂತು ನಗತೊಡಗಿದಳು.

“ಇದು ಕ್ರಿಕೆಟ್ ಅಲ್ಲ! ಬೇಸ್‌ಬಾಲ್ ಮಧ್ಯದಲ್ಲಿ ಆಡಲ್ಲ, ಮೂಲೆಯಿಂದ ಶುರು. ಅಮ್ಮ ರೊಟ್ಟಿ ನಾಲ್ಕು ತುಂಡು ಮಾಡ್ತಾಳಲ್ಲ, ಅದರಲ್ಲಿ ಒಂದು ತುಂಡು. ಚೂಪು ತುದಿಯಲ್ಲಿ ಬ್ಯಾಟರ್. ಡಗೌಟ್ ಅವನ ಪಕ್ಕ. ನೀವು ಅಗೀತಿರೋದು ಔಟ್‌ಫೀಲ್ಡ್. ಅಲ್ಲಿ ಹುಲ್ಲು ಬಿಟ್ಟು ಏನೂ ಇರಲ್ಲ.”

“ನಿಂಗ ಹ್ಯಾಂಗ ಗೊತ್ತು?” ಎಂದ ಇರಣ್ಣ.

“ಹೈಸ್ಕೂಲಲ್ಲಿ ನಾಲ್ಕು ವರ್ಷ ಸಾಫ್ಟ್‌ಬಾಲ್ ಆಡೀನಿ ಅಪ್ಪ. ಅದೇ ಆಟ, ಚೆಂಡು ದೊಡ್ಡದು.”

“ಆಡ್ತಿದ್ದಿ ಅಂತ ಗೊತ್ತೈತಿ…”

“ಒಂದು ಆಟಕ್ಕೂ ಬರಲಿಲ್ಲ ನೀನು. ಶನಿವಾರ ಇರ್ತಿತ್ತು.”

ಶನಿವಾರ ಗಿರಾಕಿಗಳ ದಿನ. ಮೋಹನರಾಜ ತನ್ನ ಬೂಟಿನ ಮಣ್ಣನ್ನು ಬಹಳ ಆಸ್ಥೆಯಿಂದ ಕೆರೆದುಕೊಂಡ. ಇರಣ್ಣನಿಗೆ ನಾಲ್ಕು ವರ್ಷದ ಶನಿವಾರಗಳಲ್ಲಿ ತಾನು ಮಾರಿದ ಒಂದೇ ಒಂದು ಕಲ್ಲಿನ ನೆನಪೂ ಆಗಲಿಲ್ಲ.

“ಮೂಲೆ ಅಂದ್ರ ಯಾವ ಮೂಲೆವ್ವ? ನಾಕು ಅದಾವ,” ಎಂದು ಕೊನೆಗೆ ಕೇಳಿದ.

“ಸಂಜೆ ಬಿಸಿಲು ಬ್ಯಾಟರ್ ಕಣ್ಣಿಗೆ ಹೊಡೀಬಾರ್ದು. ಪಶ್ಚಿಮಕ್ಕೆ ಬೆನ್ನು ಮಾಡಿ ನಿಲ್ಲಿಸ್ತಾರೆ. ಸೌತ್‌ವೆಸ್ಟ್ ಕಾರ್ನರ್ ಆಗಿರಬೇಕು.”

ಇರಣ್ಣ ಗುಂಡಿಯಿಂದ ಮೇಲೆ ಹತ್ತಿ, ತಿರುಗಿ ಆ ಮೂಲೆ ನೋಡಿ ಅಂಚಿನಲ್ಲೇ ಕುಳಿತುಬಿಟ್ಟ. ನೈಋತ್ಯ ಮೂಲೆ. ಗೋದಾಮು ಕೊಂಡ ವರ್ಷ ಊರಿನಿಂದ ಬಂದಿದ್ದ ಮಲ್ಲವ್ವನ ಚಿಕ್ಕಪ್ಪ ಸಿದ್ಧಾರೂಢ, ವಾಸ್ತು ಬಲ್ಲವರು, ನೈಋತ್ಯದಲ್ಲಿ ಭಾರ ಇದ್ದಷ್ಟೂ ವ್ಯಾಪಾರ ಗಟ್ಟಿ ಎಂದಿದ್ದರು. ಅಂದಿನಿಂದ ಅಂಗಡಿಯ ಅತಿ ದಪ್ಪದ, ಅತಿ ತೂಕದ, ಯಾರೂ ಕೊಳ್ಳದ ಕಲ್ಲುಗಳೆಲ್ಲ ಅಲ್ಲೇ ಒರಗಿ ನಿಂತಿದ್ದವು. ಅಲ್ಲಿ ನೆಲ ಎರಡು ಸಲ ಬಿರುಕು ಬಿಟ್ಟಿತ್ತು. ಎರಡೂ ಸಲ ಕಾಂಕ್ರೀಟ್ ಕಲಸಿದವನನ್ನು ಇರಣ್ಣ ಬಾಯಿಗೆ ಬಂದಂತೆ ಬೈದಿದ್ದ.

“ಡೀಲ್ ಹೋದ್ರೆ?” ಎಂದು ನೇಹಾ ಕೇಳಿದಳು. ಅವಳೊಳಗಿನ ವಕೀಲಳು ಇನ್ನೂ ಪೂರ್ತಿ ಹೋಗಿರಲಿಲ್ಲ.

“ಹೋದ್ರ ಹೋಗಲಿ. ನಾ ಇನ್ನೊಬ್ಬ ಗಿರಾಕಿನ್ನ ಹುಡುಕಬಹುದು. ಆಕಿ ಇನ್ನೊಂದು ಗ್ವಾಡಿ ಎಲ್ಲಿ ಹುಡುಕ್ಯಾಳು?”

ಕ್ರೇನಿನಲ್ಲಿ ಒಂದೊಂದೇ ಹಲಗೆ ಎತ್ತಿ ಆ ಮೂಲೆ ಖಾಲಿ ಮಾಡಲು ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಇರಣ್ಣ ಮರದ ಕೊಡತಿ ಹಿಡಿದು ನೆಲ ಬಡಿಯುತ್ತ ನಡೆದ. ಕಲ್ಲು ಕೊಳ್ಳುವಾಗ ಅವನು ಮಾಡುವುದು ಅದನ್ನೇ: ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಗೆ ಬಿರುಕಿದ್ದರೆ ದನಿ ಕೂರುತ್ತದೆ. ಗೋಡೆಯಿಂದ ಮೂವತ್ತಡಿಯವರೆಗೆ ನೆಲ ಒಂದೇ ದನಿಯಲ್ಲಿ ಮಾತಾಡಿತು. ಆಮೇಲೆ ಒಂದು ಕಡೆ ಡಬ್ ಎಂದಿತು. ಅವನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದಂತೆ, ಡಬ್ ಎನ್ನುವ ಭಾಗ ಬಸ್ಸಿನಷ್ಟು ಉದ್ದದ, ಅದಕ್ಕಿಂತ ಸ್ವಲ್ಪ ಕಿರಿದಾದ ಪಟ್ಟಿಯಾಯಿತು.

ಆ ಪಟ್ಟಿಯನ್ನು ಕೊಯ್ದು ತೆಗೆದರು. ಒಳಗೆ ಇಟ್ಟಿಗೆ ಚೂರು, ತುಕ್ಕು ಹಿಡಿದ ಕಬ್ಬಿಣ, ಕುಸಿದ ಮಣ್ಣು. ಎರಡು ದಿನ ತೋಡಿದ ಮೇಲೆ ಒಂದು ಗೋಡೆ ಕಂಡಿತು. ರಜೆ ಹಾಕಿ ಉಳಿದುಕೊಂಡಿದ್ದ ನೇಹಾ ನೀರು ಹಾಕಿ ಬ್ರಶ್ಶಿನಿಂದ ಉಜ್ಜಿದಳು. ವಕ್ರ ಅಕ್ಷರಗಳು ಮೇಲೆದ್ದವು: ರಿವರ್‌ಸೈಡ್ ಸ್ಟಾರ್ಸ್, ೧೯೪೮.

ಅರ್ಲೀನರನ್ನು ಕುರ್ಚಿಯಲ್ಲಿ ಕೂರಿಸಿಯೇ ಕೆಳಗಿಳಿಸಿದರು. ಅವರು ಹಾಳೆ ಬಿಚ್ಚಿ, ಗೋಡೆಯ ಹೆಸರನ್ನು ಒಂದೊಂದಾಗಿ ಓದಿ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಒಂಬತ್ತನೆಯದು ಕ್ಲೈಡ್ ಟೇಟ್. ಅದನ್ನೂ ಉಳಿದವರಂತೆಯೇ ಓದಿ, ಗುರುತು ಹಾಕಿ, ಹತ್ತನೆಯದಕ್ಕೆ ಹೋದರು. ಗೋಡೆಯಲ್ಲಿ ಹದಿನಾಲ್ಕು ಹೆಸರಿದ್ದವು. ಖಾಲಿ ಬಿಟ್ಟಿದ್ದ ಮೂರು ಗೆರೆಗಳನ್ನು ತುಂಬುವಾಗ ಮಾತ್ರ ಅವರ ಕೈ ನಿಂತು ನಿಂತು ಓಡಿತು.

ವಿಷಯ ತಿಳಿದು ಬಿಲ್ಡರ್ ತಾನೇ ಬಂದ. ನೇಹಾ ಷರತ್ತಿನ ಕಾಗದ ಹಿಡಿದು ಜಗಳಕ್ಕೆ ಸಿದ್ಧಳಾಗಿದ್ದಳು. ಅವನು ಗುಂಡಿಯೊಳಗೆ ಬಗ್ಗಿ ನೋಡಿದ, ಸ್ವಲ್ಪ ಹೊತ್ತು ತಲೆ ತುರಿಸಿಕೊಂಡ. ಸಮಿತಿ ಒಪ್ಪಿದರೆ ಗೋಡೆಯನ್ನು ಕಟ್ಟಡದ ಮುಂಬಾಗಿಲಲ್ಲಿ ಗಾಜಿನೊಳಗಿಡುತ್ತೇನೆ, ಬಾಡಿಗೆಗೆ ಬರುವವರಿಗೆ ಇಷ್ಟವಾಗುತ್ತದೆ ಎಂದ. ಒಪ್ಪದಿದ್ದರೆ? “ಒಪ್ಪದಿದ್ದರೆ ಅದು ಹಳೆ ಕಾಂಕ್ರೀಟ್. ಜೂನ್ ಒಂದಕ್ಕೆ ಬುಲ್ಡೋಜರ್ ಬರುತ್ತೆ.” ಅವನಲ್ಲಿ ತನ್ನಂಥ ಒಬ್ಬ ವ್ಯಾಪಾರಿಯನ್ನು ಇರಣ್ಣ ಗುರುತು ಹಿಡಿದ. ಬೈಯಲು ಮನಸ್ಸಾಗಲಿಲ್ಲ.

ಸಮಿತಿ ಸೇರಿದ್ದು ಮೇ ಎರಡನೆಯ ವಾರ. ಒಂಬತ್ತು ಜನ ಸದಸ್ಯರು. ಅವರಲ್ಲೊಬ್ಬರು, ತೆಳ್ಳಗಿನ ನಿವೃತ್ತ ಮೇಷ್ಟರು, ಫೋಟೋಗಳನ್ನು ಬಹಳ ಹೊತ್ತು ನೋಡಿ ಕನ್ನಡಕ ತೆಗೆದರು.

“ನೀವು ಅಗೆಯುವಾಗ ನಮ್ಮ ಕಡೆಯವರು ಯಾರೂ ಇರಲಿಲ್ಲ.”

“ಇರಲಿಲ್ಲ,” ಎಂದ ಇರಣ್ಣ.

“ಯಾಕೆ ಕರೆಯಲಿಲ್ಲ?”

“ಮಾರಾಟ ಮುರಿದೀತು ಅಂತ ಹೆದರಿದೆ.”

“ನೀವು ಕಲ್ಲು ಮಾರುವವರು. ಕಾಂಕ್ರೀಟ್ ಕೊಯ್ಯುವ, ಕೂಡಿಸುವ ಯಂತ್ರಗಳು ನಿಮ್ಮಲ್ಲೇ ಇವೆ. ಈ ಗೋಡೆ ಅಲ್ಲೇ ಇತ್ತು, ಬೇರೆ ಕಡೆಯಿಂದ ಬಂದದ್ದಲ್ಲ ಅಂತ ನಾವು ಹೇಗೆ ನಂಬಬೇಕು? ನಿಮ್ಮ ಮೇಲೆ ಅನುಮಾನ ಅಂತಲ್ಲ. ಕೇಳುವುದು ನನ್ನ ಕೆಲಸ.”

ಪ್ರಶ್ನೆ ನ್ಯಾಯವಾದದ್ದೇ. ಇರಣ್ಣನೇ ಕೊಳ್ಳುವವನಾಗಿದ್ದರೆ ಮೊದಲು ಕೇಳುತ್ತಿದ್ದುದು ಅದನ್ನೇ. ಪಕ್ಕದಲ್ಲಿ ಅರ್ಲೀನ್ ತಮ್ಮ ಹಾಳೆಯನ್ನು ಮಡಚಿ ಬಿಚ್ಚಿ ಮಾಡುತ್ತಿದ್ದರು. ಮೇಷ್ಟರ ಮಾತಿಗೆ ಇಬ್ಬರು ತಲೆ ಆಡಿಸಿದ್ದನ್ನು ಇರಣ್ಣ ನೋಡಿದ. ಅವನು ಎದ್ದು ನಿಂತ. ಹಿಂದಿನ ಸಾಲಿನಲ್ಲಿ ಮಲ್ಲವ್ವ, ನೇಹಾ ಕೂತಿದ್ದರು.

“ಸರ್, ಕಲ್ಲಿನ ಊರು ಬದಲಿಸುವುದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು. ಮಾಡಿದ್ದೇನೆ. ತೊಂಬತ್ಮೂರರಲ್ಲಿ ಹ್ಯೂಸ್ಟನ್ ಬಂದರಿಗೆ ನಮ್ಮ ಊರಿನ ಕೆಂಪು ಕಲ್ಲು ಬಂತು. ಮೂರು ತಿಂಗಳು ಯಾರೂ ಮುಟ್ಟಲಿಲ್ಲ. ನನ್ನ ಭಾವ ಅದಕ್ಕೊಂದು ಇಟಲಿಯ ಹೆಸರು ಅಂಟಿಸಿದರು. ಎರಡು ವಾರದಲ್ಲಿ ಖಾಲಿ. ಅಂದಿನಿಂದ ಅದನ್ನು ಇಟಲಿಯ ಕಲ್ಲು ಅಂತಲೇ ಮಾರಿದ್ದೇನೆ. ನಿಮ್ಮಲ್ಲೂ ಒಬ್ಬಿಬ್ಬರ ಅಡುಗೆಮನೆಯಲ್ಲಿ ಇರಬಹುದು.”

ಸದಸ್ಯರಲ್ಲಿ ಒಬ್ಬಾಕೆ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

“ಆ ಕೆಲಸದಲ್ಲಿ ಮೊದಲು ಮಾಡುವುದೇನು ಅಂದರೆ, ಹಳೆ ಗುರುತು ಅಳಿಸುವುದು. ಗಣಿಯಲ್ಲಿ ಕಲ್ಲು ಒಡೆದವರು ಬಂಡೆಯ ತುದಿಗೆ ಉಳಿಯಲ್ಲಿ ಗುರುತು ಹಾಕಿರ್ತಾರೆ. ನಮ್ಮಪ್ಪನೂ ಹಾಕುತ್ತಿದ್ದ. ಅದನ್ನು ಕೊಯ್ದು ಎಸೀತೀವಿ. ಆಮೇಲೆ, ಕೊಳ್ಳುವವರಿಗೆ ಬೇಕಾದ ಹೆಸರು ಹಾಕ್ತೀವಿ. ನಾನು ಮೋಸಕ್ಕೆ ಗೋಡೆ ಮಾಡಿದ್ದರೆ ಮ್ಯೂಲ್ಸ್ ಅಂತ ಬರೀತಿದ್ದೆ ಸರ್. ಅದಕ್ಕೆ ಗಿರಾಕಿ ಇದೆ, ಫಲಕ ಆಗಲೇ ತಯಾರಿದೆ. ಈ ಹದಿನಾಲ್ಕು ಹೆಸರನ್ನು ಕೇಳಿಕೊಂಡು ಎಪ್ಪತ್ತೈದು ವರ್ಷದಲ್ಲಿ ಆ ಜಾಗಕ್ಕೆ ಬಂದವರು ಇವರೊಬ್ಬರೇ. ಅದಕ್ಕೇ ಯಾರೂ ಅಳಿಸುವ ಗೋಜಿಗೂ ಹೋಗಿಲ್ಲ, ಮೇಲೆ ಮಣ್ಣು ಸುರಿದಿದ್ದಾರೆ. ನಾಳೆ ನಿಮ್ಮ ಎಂಜಿನಿಯರನ್ನು ಕಳಿಸಿ. ಆ ಗೋಡೆ ಅದರ ಬುನಾದಿಗೆ ಸೇರಿಕೊಂಡೇ ಇದೆ.”

ಮೇಷ್ಟರು ಕನ್ನಡಕ ಮತ್ತೆ ಹಾಕಿಕೊಂಡರು. “ನೀವು ಹೇಳಿದ್ದು ಎಲ್ಲವೂ ನಡಾವಳಿಯಲ್ಲಿ ದಾಖಲಾಗುತ್ತೆ. ಕಲ್ಲಿನ ವಿಷಯವೂ. ಅದನ್ನು ವಾಪಸ್ ತೆಗೆದುಕೊಳ್ಳಬೇಕಿದ್ದರೆ ಈಗಲೇ ಹೇಳಿ.”

ಇರಣ್ಣ ಹಿಂದಕ್ಕೆ ನೋಡಿದ. ನೇಹಾ, ವಕೀಲಳಾಗಿ, ಕಣ್ಣು ಮುಚ್ಚಿಕೊಂಡಿದ್ದಳು. ಮಲ್ಲವ್ವ ತೆರೆದೇ ಇಟ್ಟಿದ್ದಳು.

“ಬೇಡ. ಬರ್ಕೊಳ್ಳಿ,” ಎಂದ.

ಮರುದಿನ ಎಂಜಿನಿಯರ್ ಬಂದು ಬುನಾದಿ ಅಳೆದು ಹೋದ. ಮುಂದಿನ ವಾರ ಸಮಿತಿ ಮತ ಹಾಕಿತು: ಏಳು ಪರ, ಎರಡು ವಿರೋಧ. ಮೇಷ್ಟರು ಪರವಾಗಿದ್ದರು. ಫಲಕದ ಬರಹದಲ್ಲಿ ರಿವರ್‌ಸೈಡ್ ಸ್ಟಾರ್ಸ್ ಬಂತು, ಕೆಳಗೆ ಹದಿನಾಲ್ಕು ಹೆಸರು. ಗೋಡೆಯಲ್ಲಿದ್ದ ಅನುಕ್ರಮದಲ್ಲೇ ಇರಲಿ, ನನ್ನ ತಂದೆಯದು ಮೇಲೆ ಬೇಡ ಎಂದು ಅರ್ಲೀನ್ ಹೇಳಿದರು.

ಸಭೆ ಮುಗಿದ ಮೇಲೆ ಗುಮಾಸ್ತೆ ಹುಡುಗಿ ಹಿಂದಿನ ವಾರದ ನಡಾವಳಿ ಹಿಡಿದು ಇರಣ್ಣನ ಹತ್ತಿರ ಬಂದಳು. ಸಹಿ ಬೇಕಿತ್ತು. ಇಟಲಿಯದಲ್ಲದ ಆ ಕೆಂಪು ಕಲ್ಲು ನಿಜವಾಗಿ ಎಲ್ಲಿಯದು ಎಂಬ ಜಾಗವನ್ನು ಅವಳು ಖಾಲಿ ಬಿಟ್ಟಿದ್ದಳು.

ಇರಣ್ಣ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. ಇಳಕಲ್. ಜಿಲ್ಲೆ ಬಾಗಲಕೋಟೆ. ಅವಳು ಬರೆದದ್ದನ್ನು ತಿರುಗಿಸಿ ತೋರಿಸಿದಳು. ಅವನು ನಿಧಾನಕ್ಕೆ ಓದಿ ಸಹಿ ಹಾಕಿದ. ಕಾರಿನ ಹತ್ತಿರ ಹೋಗಬೇಕಿದ್ದ ಅರ್ಲೀನ್ ಅವನಿಗಾಗಿ ಕೋಲೂರಿ ನಿಂತಿದ್ದರು.

“ನಾಳೆ ಅಂಗಡಿಗೆ ಯಾರ್ ಬರ್ತಾರಂತ ಮಾಡೀರಿ?” ಎಂದಳು ಮಲ್ಲವ್ವ, ಮೆಟ್ಟಿಲಿಳಿಯುತ್ತ.

“ಇಟಲಿ ಕಲ್ಲು ತಗೊಂಡಾವ್ರು ಬೈಯಾಕರ ಬರ್ತಾರ. ಚಾ ಮಾಡಿಡು.”

ನೇಹಾ ಅರ್ಲೀನರ ಕೈ ಹಿಡಿದುಕೊಂಡಳು. ಮೂವರೂ ಅವರ ನಡಿಗೆಯ ವೇಗಕ್ಕೇ ಇಳಿದರು.